ಮೊದಲು ಟಾರ್ಚ್ ಆರಿಸಿ

ಮೊದಲು ಟಾರ್ಚ್ ಆರಿಸಿ. ಮೊಬೈಲೂ.
ಕಣ್ಣಿಗೆ ಇಪ್ಪತ್ತು ನಿಮಿಷ ಕೊಡಿ,
ಉಣ್ಣೆಗೆ ಕತ್ತರಿ ಹಾಕುವ ಮುಂಚೆ
ಕುರಿಗೆ ಕೊಡುತ್ತೀರಲ್ಲ, ಅಷ್ಟೇ ಸಮಾಧಾನ.
ಕತ್ತಲು ಹೊಸಬರನ್ನು ಮೂಸಿ ನೋಡಿ
ಆಮೇಲೆ ಒಳಗೆ ಬಿಡುತ್ತದೆ.

ಕಾರೂ ಬಯಲಿನ ಈ ಜೂನ್ ಚಳಿಗೆ ಕ್ಷಮೆಯಿರಲಿ.
ಚರ್ಚಿನ ಸಭಾಂಗಣದಲ್ಲಿ ಹೀಟರಿದೆ, ಬಲ್ಲೆ.
ಆದರೆ ಅಲ್ಲಿ ಸೂರೂ ಇದೆ.

ನಾನು ಪಂಡಿತಳಲ್ಲ.
ಸರ್ಲೀನಾ ಕ್ಲಾಸ್ತೆ. ಗುಡ್ಡದ ಮೇಲಿನ ದೂರದರ್ಶಕಕ್ಕೆ
ಹನ್ನೊಂದು ವರ್ಷದಿಂದ ಕನ್ನಡಿ ತೊಳೆಯುವವಳು.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಇದಕ್ಕೆ ಬೇಕು:
ಜೇನುಹಟ್ಟಿನ ಹಾಗೆ ಆರು ಮೂಲೆಯ ತುಂಡುಗಳು,
ಒಂದೊಂದೂ ನಮ್ಮನೆ ಊಟದ ಮೇಜಿನಷ್ಟು.
ಬೆರಳ ಗುರುತು ಬಿದ್ದರೆ ಸಾಕು,
ಓದಿದವರೆಲ್ಲ ಓಡಿಬರುತ್ತಾರೆ
ಯಾವ ಲೋಕದ ಮೋರೆಗೆ ಮಸಿ ಹತ್ತಿತೋ ಎಂದು.

ಚಂದ್ರ ಇವತ್ತಿಲ್ಲ. ಒಳ್ಳೆಯದೇ ಆಯಿತು.
ಸಂಜೆ ಮುಳುಗಿದ ಸೂರ್ಯ,
ನೀವು ನೋಡುವಾಗಲೇ ಎಂಟು ನಿಮಿಷ ಹಳಸಿದ್ದ.
ಇಲ್ಲಿ ಯಾವುದೂ ಬಿಸಿಬಿಸಿ ಸಿಗುವುದಿಲ್ಲ,
ಬೆಳಕೂ ನಡೆದುಕೊಂಡೇ ಬರಬೇಕು.

ಶಿಲುಬೆಯ ಕಡೆ ಬೆರಳು ತೋರುವ ಆ ಜೋಡಿ ಕಾಣಿಸಿತೆ?
ಅದರಲ್ಲಿ ಹೊರಗಿನದು, ಹೆಚ್ಚು ಹೊಳೆಯುವುದು,
ನಮ್ಮ ನೆರೆಮನೆ.
ಅಲ್ಲಿಂದ ಈ ಬೆಳಕು ಹೊರಟು ನಾಲ್ಕು ವರ್ಷದ ಮೇಲಾಯಿತು.
ಆಬ್ರಾಮ್, ಅದು ಹೊರಟಾಗ
ನಿನ್ನ ಎಡಗೈಯಲ್ಲಿ ಐದು ಬೆರಳಿದ್ದವು.

(ನಗು. ಅವನೂ ನಕ್ಕ.
ಆಮೇಲೆ ಕೈ ಜೇಬಿಗಿಳಿಸಿದ.)

ಸಿಯೇನಾ ದೊಡ್ಡಮ್ಮ ಕೇಳಿದಳು, ಇದರ ನಡು ಎಲ್ಲಿ?
ನಾನೂ ಕೇಳಿದ್ದೆ.
ಡರ್ಬನ್ನಿನಿಂದ ಬಂದ ಹುಡುಗಿ, ಕನ್ನಡಕದೊಳಗಿಂದ,
ನಡು ಇಲ್ಲ ಅಂದಳು. ಎಲ್ಲವೂ ಎಲ್ಲದರಿಂದ
ದೂರ ಸರಿಯುತ್ತಿದೆ ಅಂದಳು, ಚಹಾ ಕುಡಿಯುತ್ತ.
ಒಂದು ವಾರ ನನಗೆ ನಿದ್ದೆಯಿಲ್ಲ.
ಗಾಳಿಗಿರಣಿಯಿಲ್ಲದ, ಬೇಲಿಯಿಲ್ಲದ ಫಾರ್ಮು.
ಕುರಿಗಳೆಲ್ಲ ಎಲ್ಲಿಗೆ ಮರಳಬೇಕು?

ಇನ್ನೂ ಒಂದಿದೆ, ಹೇಳಿದರೆ ನಂಬುವುದಿಲ್ಲ ನೀವು.
ಉಣ್ಣೆಯ ಮೂಟೆ ತೂಗಿದಿರಿ, ಇನ್ನೂರು ಕಿಲೋ.
ಬಿಚ್ಚಿದರೆ ಒಳಗೆ ಉಣ್ಣೆ ಹತ್ತೇ ಕಿಲೋ.
ಮಿಕ್ಕಿದ್ದು ಏನು?
ಕೈಗೆ ಸಿಗದು, ಕಣ್ಣಿಗೆ ಬೀಳದು, ತಕ್ಕಡಿಗೆ ಮಾತ್ರ ಗೊತ್ತು.
ಬರೆದುಕೊಳ್ಳಿ.
ನೋಟುಬುಕ್ಕಿನ ಮೊದಲ ಸಾಲು: ಗೊತ್ತಿಲ್ಲ.

ಈಗ ತಲೆಯೆತ್ತಿ, ಆ ಬೆಳ್ಳನೆ ಪಟ್ಟೆ.
ನನ್ನಜ್ಜಿ ಹೇಳುತ್ತಿದ್ದಳು, ಅವಳಿಗೆ ಅವಳಜ್ಜಿ:
ಬಹಳ ಹಿಂದೆ ಒಬ್ಬ ಹುಡುಗಿ
ಒಲೆಗೆ ಕೈಹಾಕಿ ಬೂದಿ ಎರಚಿದಳಂತೆ ಮೇಲಕ್ಕೆ,
ಬೇಟೆಗೆ ಹೋಗಿ ತಡವಾದವರು ಮನೆ ಸೇರಲೆಂದು.
ಶಾಲೆಯಲ್ಲಿ ಇದನ್ನು ಹೇಳಿ ಪೆಟ್ಟು ತಿಂದಿದ್ದೇನೆ.
ಗುಡ್ಡದ ಮೇಲೆ ಹೇಳಿದೆ. ಯಾರೂ ಹೊಡೆಯಲಿಲ್ಲ.
ಬೂದಿಯೇ, ಅಂದರು.
ಉರಿದು ಸತ್ತ ಹಳೆಯ ನಕ್ಷತ್ರಗಳ ಬೂದಿಯಲ್ಲಿ
ಕಬ್ಬಿಣ ಇತ್ತಂತೆ.
ಆಬ್ರಾಮನ ಕತ್ತರಿಯಲ್ಲಿರುವುದು ಅದು,
ಆವತ್ತು ಹಲಗೆಯ ಮೇಲೆ ಹರಿದ ಕೆಂಪಿನಲ್ಲೂ ಅದೇ.
ಒಂದೇ ಒಲೆಯವರು,
ಎಷ್ಟೋ ಕಾಲದ ಮೇಲೆ ಮುಖಾಮುಖಿಯಾಗಿದ್ದರು.

ಇದು ಸಮಾಧಾನವಲ್ಲ. ಪಾಠ.

ಅವನು ಜೇಬಿನಿಂದ ಕೈ ತೆಗೆದು
ಶಿಲುಬೆಗೆ ಅಡ್ಡ ಹಿಡಿದು ಎಣಿಸಿದ:
ನಾಲ್ಕು ಚುಕ್ಕಿ, ನಾಲ್ಕು ಬೆರಳು.
ಲೆಕ್ಕ ಸರಿಹೋಯ್ತು ಸರ್ಲೀನಾ, ಅಂದ.

ಗಡಿಯಾರ ನೋಡಿದೆ. ಹತ್ತೊಂಬತ್ತು ನಿಮಿಷ.
ತಾಳು, ಅಂದೆ, ಕೈ ಇಳಿಸಬೇಡ,
ಅಡ್ಡಪಟ್ಟಿಯ ಕೆಳಗೆ, ಒಂದಿಷ್ಟು ಓರೆಗೆ,
ನೇರ ದಿಟ್ಟಿಸದೆ ನೋಡು.

ಉಸಿರಿನ ಹಬೆ ಒಮ್ಮೆ ಬಂತು, ಹೋಯಿತು.
ಕೊಟ್ಟಿಗೆಯಲ್ಲಿ ಯಾವುದೋ ಕುರಿ ಕೆಮ್ಮಿತು.

ಓ, ಅಂದ ಆಬ್ರಾಮ್.
ಐದನೆಯದು.